ದೇಹದ ಕಬ್ಬಿಣದ ಕಣಜ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಆರೋಗ್ಯ ಸಪ್ತಾಹದಲ್ಲಿ ಮಾಡಿದ ಭಾಷಣದ ಪಾಠ)



ನೂರು ವರ್ಷಗಳ ಸಂಭ್ರಮವನ್ನು ಕಾಣುತ್ತಿರುವ ಈ ದೇವಾಲಯದ ಅಂಗಳದಲ್ಲಿ ನಿಂತು ನಾಲ್ಕು ಮಾತುಗಳನ್ನಾಡುವ ಅವಕಾಶ ದೊರೆತದ್ದು ನಮ್ಮ ಭಾಗ್ಯ. ಸಮಿತಿಯವರು ನಮ್ಮಲ್ಲಿಗೆ ಬಂದು “ಆರೋಗ್ಯದ ಬಗ್ಗೆ ಏನಾದರೂ ಹೇಳಬೇಕು” ಎಂದು ಕೇಳಿಕೊಂಡರು. ಆರೋಗ್ಯವೆಂಬುದು ಕಡಲಿನಂಥ ವಿಷಯ. ಒಂದು ಗಂಟೆಯ ಅವಧಿಯಲ್ಲಿ ಅದರಿಂದ ಒಂದು ಬೊಗಸೆ ನೀರನ್ನು ಮಾತ್ರ ಎತ್ತಿ ತೋರಿಸಬಹುದು. ಯಾವ ಬೊಗಸೆಯನ್ನು ಎತ್ತಬೇಕೆಂದು ಯೋಚಿಸಿದಾಗ, ನಮ್ಮ ವೃತ್ತಿಜೀವನದಲ್ಲಿ ನಾವೇ ಮಾಡಿದ ಒಂದು ತಪ್ಪು ನೆನಪಿಗೆ ಬಂತು. ಆ ತಪ್ಪಿನಿಂದ ನಾವು ಕಲಿತದ್ದನ್ನೇ ಇಂದು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ.

ಕೆಲವು ವರ್ಷಗಳ ಹಿಂದೆ ಕೃಷ್ಣರಾಜಪುರದ ಕಡೆಯಿಂದ ಸುಮಾರು ಮೂವತ್ತನಾಲ್ಕು ವಯಸ್ಸಿನ ಗೃಹಿಣಿಯೊಬ್ಬರು ನಮ್ಮಲ್ಲಿಗೆ ಬಂದರು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ; ಮನೆಯಲ್ಲಿ ಇಬ್ಬರು ಮಕ್ಕಳು, ಅತ್ತೆ ಮಾವ. ಆಕೆಯ ದೂರು ಒಂದೇ: “ಸುಸ್ತು.” ಬೆಳಿಗ್ಗೆ ಏಳುವಾಗಲೇ ಸುಸ್ತು, ಶಿವಾಜಿನಗರದ ಬಸ್ ನಿಲ್ದಾಣದಲ್ಲಿಳಿದು ನಾಲ್ಕು ಹೆಜ್ಜೆ ಬೇಗ ಹಾಕಿದರೆ ಏದುಸಿರು, ರಾತ್ರಿ ಮಲಗಿದರೆ ಕಾಲುಗಳಲ್ಲಿ ಏನೋ ಹರಿದಾಡಿದಂತಾಗಿ ನಿದ್ದೆಯಿಲ್ಲ. ನಾವು ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 12.2 ಗ್ರಾಂ. ಮಹಿಳೆಯರಿಗೆ 12 ಗ್ರಾಂ ಇದ್ದರೆ ರಕ್ತಹೀನತೆಯಿಲ್ಲವೆಂಬುದು ಪುಸ್ತಕದ ಮಾತು. “ನಿಮಗೆ ರಕ್ತದ ಕೊರತೆಯೇನೂ ಇಲ್ಲ, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ” ಎಂದು ಹೇಳಿ ಕಳುಹಿಸಿದೆವು.

ಎಂಟು ತಿಂಗಳ ಬಳಿಕ ಅವರು ಮತ್ತೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ 10.4ಕ್ಕೆ ಇಳಿದಿತ್ತು. ಈ ಬಾರಿ ಕೂಲಂಕಷವಾಗಿ ವಿಚಾರಿಸಿದೆವು. ತಿಂಗಳ ಸ್ರಾವ ಏಳೆಂಟು ದಿನಗಳವರೆಗೆ ವಿಪರೀತವಾಗಿ ಹೋಗುತ್ತಿತ್ತು. ಅದನ್ನು ಹೇಳಲು ಆಕೆಗೆ ಸಂಕೋಚ, ಕೇಳಲು ನಮಗೆ ಮರೆವು. ಅಕ್ಕಿ ಆರಿಸುವಾಗ ತಮಗರಿವಿಲ್ಲದೆಯೇ ಹಿಡಿ ಹಿಡಿಯಾಗಿ ಹಸಿ ಅಕ್ಕಿಯನ್ನು ಮುಕ್ಕುತ್ತಿದ್ದರು. ಫೆರಿಟಿನ್ ಎಂಬ ಪರೀಕ್ಷೆಯನ್ನು ಮಾಡಿಸಿದಾಗ ಬಂದ ಅಂಕ ಕೇವಲ 5. ಅಂದರೆ ಆಕೆಯ ದೇಹದಲ್ಲಿ ಕಬ್ಬಿಣದ ದಾಸ್ತಾನು ಎಂಬುದೇ ಉಳಿದಿರಲಿಲ್ಲ. ಮೊದಲ ಬಾರಿ ಬಂದಾಗಲೂ ಅದು ಬಹುಮಟ್ಟಿಗೆ ಬರಿದಾಗಿಯೇ ಇದ್ದಿರಬೇಕು. ನಾವು ನೋಡಿರಲಿಲ್ಲ, ಅಷ್ಟೇ.

ಇದನ್ನೆಲ್ಲ ಬಿಡಿಸಿ ಹೇಳಿದಾಗ ಆಕೆ ಕಣ್ಣೊರೆಸಿಕೊಂಡು ಕೇಳಿದ ಪ್ರಶ್ನೆ ಇಂದಿಗೂ ನಮ್ಮ ಕಿವಿಯಲ್ಲಿದೆ: “ಹಾಗಾದರೆ ನಾನು ಮೈಗಳ್ಳಿ ಅಲ್ಲ ತಾನೇ, ಡಾಕ್ಟರೇ?” ಮನೆಯಲ್ಲಿ ಎರಡು ವರ್ಷಗಳಿಂದ ಆಕೆಗೆ ಆ ಹೆಸರು ಬಿದ್ದಿತ್ತು. ಕೊನೆಗೆ ಅವರೂ ಅದನ್ನು ನಂಬಿಬಿಟ್ಟಿದ್ದರು. “ಏನೂ ಇಲ್ಲ” ಎಂದು ಚೀಟಿ ಬರೆದು ನಾವೂ ಆ ಮಾತಿಗೆ ಸಾಕ್ಷಿ ಹೇಳಿದ್ದೆವು.

ಆದ್ದರಿಂದ ಈ ಫೆರಿಟಿನ್ ಎಂದರೇನು, ದೇಹವು ಕಬ್ಬಿಣವನ್ನು ಹೇಗೆ ಕೂಡಿಡುತ್ತದೆ, ಆ ಕಣಜ ಬರಿದಾದರೂ ತುಂಬಿ ತುಳುಕಿದರೂ ಏನಾಗುತ್ತದೆ ಎಂಬುದನ್ನು ಇಂದು ವಿಚಾರ ಮಾಡೋಣ.

ಒಂದು ಮೊಳೆಯ ತೂಕದ ಸಂಪತ್ತು

ವಯಸ್ಕರೊಬ್ಬರ ದೇಹದಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ ಮಾತ್ರ. ಒಂದು ಸಣ್ಣ ಮೊಳೆಗೆ ಆಗುವಷ್ಟು. ಅದರಲ್ಲಿ ಸುಮಾರು ಮೂರನೆಯ ಎರಡು ಪಾಲು ರಕ್ತದ ಕೆಂಪುಕಣಗಳಲ್ಲಿ, ಹಿಮೋಗ್ಲೋಬಿನ್ ರೂಪದಲ್ಲಿ ಇರುತ್ತದೆ. ಶ್ವಾಸಕೋಶದಿಂದ ಪ್ರಾಣವಾಯುವನ್ನು ಹೊತ್ತು ಮೈಯ ಮೂಲೆಮೂಲೆಗೂ ತಲುಪಿಸುವುದು ಇದರ ಕೆಲಸ. ಸ್ವಲ್ಪ ಭಾಗ ಮಾಂಸಖಂಡಗಳಲ್ಲಿಯೂ, ಜೀವಕೋಶಗಳಲ್ಲಿ ಶಕ್ತಿಯನ್ನು ಉತ್ಪಾದಿಸುವ ಕಿಣ್ವಗಳಲ್ಲಿಯೂ ದುಡಿಯುತ್ತಿರುತ್ತದೆ. ಮಿಕ್ಕದ್ದು ಯಕೃತ್ತು, ಗುಲ್ಮ ಮತ್ತು ಅಸ್ಥಿಮಜ್ಜೆಗಳಲ್ಲಿ ದಾಸ್ತಾನಾಗಿರುತ್ತದೆ. ಗಂಡಸರಲ್ಲಿ ಈ ದಾಸ್ತಾನು ಸುಮಾರು 1 ಗ್ರಾಂ, ಎಂದರೆ 1000 ಮಿಲಿಗ್ರಾಂ. ಹೆಂಗಸರಲ್ಲಿ ಸುಮಾರು 300 ಮಿಲಿಗ್ರಾಂ. ಈ ಅಂತರವನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

ಶಿವಾಜಿನಗರದ ಗುಜರಿ ಅಂಗಡಿಗಳನ್ನು ನೋಡದವರು ಇಲ್ಲಿ ಯಾರೂ ಇರಲಾರರು. ಹಳೆಯ ಮೋಟಾರು ಗಾಡಿಗಳು ಅಲ್ಲಿಗೆ ಬರುತ್ತವೆ. ಬಿಡಿಭಾಗಗಳಾಗಿ ಬೇರ್ಪಟ್ಟು ಇನ್ನೊಂದು ಗಾಡಿಯೊಳಗೆ ಸೇರಿ ಹೊರಗೆ ಹೋಗುತ್ತವೆ. ಯಾವುದೂ ವ್ಯರ್ಥವಾಗುವುದಿಲ್ಲ. ನಮ್ಮ ದೇಹದಲ್ಲಿಯೂ ಇಂಥದೇ ಒಂದು ಗುಜರಿ ವ್ಯಾಪಾರ ಹಗಲಿರುಳೂ ನಡೆದಿದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಮುಪ್ಪಾದ ಕಣಗಳನ್ನು ಗುಲ್ಮವೂ ಯಕೃತ್ತೂ ಹಿಡಿದು ಒಡೆದು, ಅದರೊಳಗಿನ ಕಬ್ಬಿಣವನ್ನು ತೆಗೆದು, ಹೊಸ ಕಣಗಳನ್ನು ಕಟ್ಟುವ ಅಸ್ಥಿಮಜ್ಜೆಗೆ ಕಳುಹಿಸುತ್ತವೆ. ಹೀಗೆ ದಿನವೊಂದಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಮರುಬಳಕೆಯಾಗುತ್ತದೆ. ಆಹಾರದಿಂದ ಹೊಸದಾಗಿ ಸೇರುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ.

ಇಷ್ಟು ಜಿಪುಣತನದಿಂದ ನಡೆಯುವ ವ್ಯವಹಾರದಲ್ಲಿ ಕೊರತೆ ಹೇಗೆ ಬಂತು? ರಕ್ತ ಹೊರಗೆ ಹೋದಾಗ. ಗುಜರಿಗೆ ಬರಬೇಕಾದ ಗಾಡಿಯೇ ಊರು ಬಿಟ್ಟು ಹೋದರೆ ಬಿಡಿಭಾಗ ಎಲ್ಲಿಂದ ಸಿಕ್ಕೀತು? ತಿಂಗಳ ಸ್ರಾವ, ಹೆರಿಗೆ, ಮೂಲವ್ಯಾಧಿ, ಜಠರದ ಹುಣ್ಣು, ಕರುಳನ್ನು ಕಚ್ಚಿ ರಕ್ತ ಹೀರುವ ಕೊಕ್ಕೆಹುಳು, ಇವೆಲ್ಲ ಕಬ್ಬಿಣ ಸೋರಿಹೋಗುವ ದಾರಿಗಳು. ಒಂದು ಗರ್ಭಧಾರಣೆಗೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕಾಗುತ್ತದೆ. ತಾಯಿಯ ಕಣಜದಲ್ಲಿರುವುದು ಎಲ್ಲವೂ ಸರಿಯಿದ್ದರೆ 300. ಮಿಕ್ಕ 700 ಎಲ್ಲಿಂದ ಬರಬೇಕು? ಎರಡು ವರ್ಷಗಳೊಳಗೆ ಇನ್ನೊಂದು ಮಗುವಾದರೆ? ಲೆಕ್ಕವನ್ನು ತಾವೇ ಹಾಕಬಹುದು.

ಹಗೇವು ಮತ್ತು ಗುಡಾಣ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದಡಿಯ ಆ ಕಣಜದಿಂದ ಬೇಕಾದಾಗ ತೆಗೆದು ಅಡುಗೆಮನೆಯ ಗುಡಾಣಕ್ಕೆ ಹಾಕಿಕೊಳ್ಳುವುದು, ಗುಡಾಣದಿಂದ ದಿನದ ಹಿಟ್ಟಿಗೆ ಬೀಸಿಕೊಳ್ಳುವುದು. ಹೊರಗಿನಿಂದ ಬಂದ ನೆಂಟನಿಗೆ ಕಾಣುವುದು ಗುಡಾಣ ಮಾತ್ರ. ಅದು ತುಂಬಿದ್ದರೆ ಮನೆಯಲ್ಲಿ ಸುಭಿಕ್ಷವೆಂದೇ ಅವನು ತಿಳಿಯುತ್ತಾನೆ. ನೆಲದೊಳಗಿನ ಹಗೇವು ತಳ ಕಂಡಿದೆಯೆಂಬುದು ಮನೆಯ ಯಜಮಾನತಿಗೆ ಮಾತ್ರ ಗೊತ್ತು.

ಹಿಮೋಗ್ಲೋಬಿನ್ ಎಂಬುದು ಗುಡಾಣ. ಹಗೇವಿನ ಕೆಲಸ ಮಾಡುವುದು ಫೆರಿಟಿನ್. ಕಬ್ಬಿಣ ಕಡಿಮೆಯಾದಾಗ ದೇಹವು ಮೊದಲು ಹಗೇವನ್ನು ಖಾಲಿ ಮಾಡಿ ಗುಡಾಣವನ್ನು ತುಂಬಿಸುತ್ತಲೇ ಇರುತ್ತದೆ. ಇದು ಮೊದಲನೆಯ ಹಂತ: ದಾಸ್ತಾನು ಕರಗುತ್ತಿದೆ, ರಕ್ತ ಪರೀಕ್ಷೆಯ ಹಿಮೋಗ್ಲೋಬಿನ್ ಮಾತ್ರ ಚೆನ್ನಾಗಿದೆ. ಎರಡನೆಯ ಹಂತದಲ್ಲಿ ಹಗೇವು ಬರಿದಾಗಿ, ಅಸ್ಥಿಮಜ್ಜೆಗೆ ಸಾಕಷ್ಟು ಕಬ್ಬಿಣ ತಲುಪುವುದಿಲ್ಲ. ಮೂರನೆಯ ಹಂತದಲ್ಲಿ ಗುಡಾಣವೇ ತಗ್ಗುತ್ತದೆ. ಕಣಗಳು ಚಿಕ್ಕವಾಗಿ, ಬಣ್ಣಗೆಟ್ಟು, ಹಿಮೋಗ್ಲೋಬಿನ್ ಇಳಿಯುತ್ತದೆ. ಇದಕ್ಕೆ ನಾವು ರಕ್ತಹೀನತೆ ಎಂದು ಹೆಸರಿಡುತ್ತೇವೆ. ಎಂದರೆ, ರಕ್ತಹೀನತೆ ಎಂಬುದು ಕಥೆಯ ಕೊನೆಯ ಅಧ್ಯಾಯ. ನಮ್ಮ ಆ ಸಹೋದರಿ ಮೊದಲ ಸಲ ಬಂದಾಗ ನಾವು ಗುಡಾಣವನ್ನು ಇಣುಕಿ ನೋಡಿ ಹಿಂದಿರುಗಿದ ನೆಂಟರಾಗಿದ್ದೆವು.

ಫೆರಿಟಿನ್ ಒಂದು ಸಸಾರಜನಕ. ಟೊಳ್ಳಾದ ಗೋಳದಂತಿರುವ ಅದರ ಒಂದೊಂದು ಅಣುವೂ 4500ರವರೆಗೆ ಕಬ್ಬಿಣದ ಪರಮಾಣುಗಳನ್ನು ತನ್ನೊಳಗೆ ಭದ್ರವಾಗಿ ಇಟ್ಟುಕೊಳ್ಳಬಲ್ಲದು. ಚೆಕೊಸ್ಲೊವಾಕಿಯಾದ ವಿಜ್ಞಾನಿ ವಿಲೆಮ್ ಲಾವ್‌ಬರ್ಗರ್ 1937ರಲ್ಲಿ ಕುದುರೆಯ ಗುಲ್ಮದಿಂದ ಇದನ್ನು ಬೇರ್ಪಡಿಸಿ ಲೋಕಕ್ಕೆ ತೋರಿಸಿದರು. ಬಹುಕಾಲ ದೇಹದ ದಾಸ್ತಾನನ್ನು ತಿಳಿಯಬೇಕಾದರೆ ಮೂಳೆಗೆ ಸೂಜಿ ಚುಚ್ಚಿ ಮಜ್ಜೆಯನ್ನು ತೆಗೆಯಬೇಕಾಗಿತ್ತು. ಈ ಫೆರಿಟಿನ್‌ನ ಅತ್ಯಲ್ಪ ಅಂಶ ರಕ್ತದಲ್ಲಿಯೂ ತೇಲುತ್ತಿರುತ್ತದೆ. ಅದನ್ನು ಅಳೆಯುವ ವಿಧಾನವನ್ನು 1972ರಲ್ಲಿ ವೇಲ್ಸ್ ಪ್ರಾಂತದ ಕಾರ್ಡಿಫ್‌ನ ಸಂಶೋಧಕರು ಪ್ರಕಟಿಸಿದರು. ಅಂದಿನಿಂದ ತೋಳಿನ ರಕ್ತದ ಕೆಲವು ಹನಿಗಳಿಂದಲೇ ಕಣಜದ ಆಳವನ್ನು ಅಂದಾಜು ಮಾಡುವುದು ಸಾಧ್ಯವಾಯಿತು. ಆರೋಗ್ಯವಂತರಲ್ಲಿ ಲೀಟರಿಗೆ 1 ಮೈಕ್ರೋಗ್ರಾಂ ಫೆರಿಟಿನ್ ಎಂದರೆ ದೇಹದಲ್ಲಿ ಸುಮಾರು 8 ಮಿಲಿಗ್ರಾಂ ದಾಸ್ತಾನು ಎಂದು ಸ್ಥೂಲವಾಗಿ ಎಣಿಸುವುದುಂಟು. 40 ಇದ್ದರೆ ದಾಸ್ತಾನು 300 ಮಿಲಿಗ್ರಾಂಗಳ ಆಸುಪಾಸು.

ಅಂಕಗಳನ್ನು ಓದುವ ಬಗೆ

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಆರೋಗ್ಯವಂತ ವಯಸ್ಕರಲ್ಲಿ ಫೆರಿಟಿನ್ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆಯೆಂದು ತಿಳಿಯಬೇಕು. ಐದು ವರ್ಷದೊಳಗಿನ ಮಕ್ಕಳಲ್ಲಿ ಆ ಅಂಕ 12. ಆದರೆ ಇಲ್ಲಿ ಒಂದು ಮೋಸವಿದೆ. ಜ್ವರ, ಸೋಂಕು, ಉರಿಯೂತ ಇದ್ದಾಗ ಕಣಜ ಬರಿದಾಗಿದ್ದರೂ ರಕ್ತದ ಫೆರಿಟಿನ್ ಏರಿ ನಿಲ್ಲುತ್ತದೆ. ಆದ್ದರಿಂದ ಸೋಂಕು ಉರಿಯೂತಗಳಿದ್ದಾಗ ವಯಸ್ಕರಲ್ಲಿ 70ಕ್ಕಿಂತ, ಚಿಕ್ಕ ಮಕ್ಕಳಲ್ಲಿ 30ಕ್ಕಿಂತ ಕಡಿಮೆಯಿದ್ದರೂ ಕೊರತೆಯ ಸಂಶಯ ಪಡಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಜ್ವರ ಬಿಟ್ಟ ಮಾರನೆಯ ದಿನವೇ ಪರೀಕ್ಷೆ ಮಾಡಿಸಿ, “ಅಂಕ ಚೆನ್ನಾಗಿದೆ” ಎಂದು ನಿಶ್ಚಿಂತರಾಗುವುದು ಸರಿಯಲ್ಲ.

ಇನ್ನೊಂದು ಎಚ್ಚರಿಕೆ. ಕಣಗಳು ಚಿಕ್ಕವಾಗಿವೆ, ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆಯಿದೆ ಎಂದ ಮಾತ್ರಕ್ಕೆ ಅದು ಕಬ್ಬಿಣದ ಕೊರತೆಯೇ ಆಗಬೇಕೆಂದಿಲ್ಲ. ಥಲಸ್ಸೀಮಿಯಾ ಎಂಬ ಆನುವಂಶಿಕ ಗುಣವನ್ನು ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಪಡೆದವರಲ್ಲಿಯೂ ಹಾಗೆಯೇ ಕಾಣುತ್ತದೆ. ಅವರ ಕಣಜ ತುಂಬಿರುತ್ತದೆ. ಅಂಥವರಿಗೆ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಸುವುದರಿಂದ ಪ್ರಯೋಜನವಿಲ್ಲ. ಗುಡಾಣ, ಹಗೇವು ಎರಡನ್ನೂ ನೋಡಿದ ವೈದ್ಯರು ಮಾತ್ರ ಈ ವ್ಯತ್ಯಾಸವನ್ನು ಹೇಳಬಲ್ಲರು.

ಕಣಜ ಬರಿದಾದರೆ

ಕೊರತೆಯ ಲಕ್ಷಣಗಳು ಒಂದೇ ದಿನ ಬಂದು ಬಾಗಿಲು ತಟ್ಟುವುದಿಲ್ಲ. ಸುಸ್ತು, ಏದುಸಿರು, ತಲೆಸುತ್ತು, ಗಮನ ನಿಲ್ಲದಿರುವುದು, ಕೂದಲು ಉದುರುವುದು, ಉಗುರು ಸೀಳುವುದು, ರಾತ್ರಿ ಕಾಲುಗಳ ಚಡಪಡಿಕೆ, ಮಣ್ಣು, ಹಸಿ ಅಕ್ಕಿ, ಬಳಪ, ಮಂಜುಗಡ್ಡೆ ತಿನ್ನಬೇಕೆಂಬ ಬಯಕೆ, ಇವು ಒಂದೊಂದಾಗಿ ಸೇರಿಕೊಳ್ಳುತ್ತವೆ. ಮಗು ಸ್ಲೇಟಿನ ಬಳಪ ತಿಂದರೆ ನಾವು ಬೈಯುತ್ತೇವೆ. ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸುವುದು ಲೇಸು. ಗರ್ಭಿಣಿಯರಲ್ಲಿ ತೀವ್ರ ರಕ್ತಹೀನತೆಯಿದ್ದರೆ ದಿನ ತುಂಬದ ಹೆರಿಗೆ, ಕಡಿಮೆ ತೂಕದ ಕೂಸು, ಹೆರಿಗೆಯಲ್ಲಿ ಹೋಗುವ ರಕ್ತವನ್ನು ತಾಳಲಾರದ ತಾಯಿ, ಇವುಗಳ ಭಯವಿದೆ. ಎಳೆಯ ಮಕ್ಕಳಲ್ಲಿ ಮೆದುಳಿನ ಬೆಳವಣಿಗೆಗೂ ಕಬ್ಬಿಣ ಬೇಕು.

ಹಿಮೋಗ್ಲೋಬಿನ್ ಸರಿಯಿದ್ದೂ ಸುಸ್ತಾಗುವುದು ಬರೀ ಮನಸ್ಸಿನ ಭ್ರಮೆಯೇ? ಸ್ವಿಟ್ಜರ್ಲೆಂಡಿನ ವೈದ್ಯರು ಈ ಪ್ರಶ್ನೆಯನ್ನು ಪರೀಕ್ಷೆಗೊಡ್ಡಿದರು. ರಕ್ತಹೀನತೆಯಿಲ್ಲದ, ಕಾರಣ ತಿಳಿಯದ ಸುಸ್ತಿನಿಂದ ಬಳಲುತ್ತಿದ್ದ ಮಹಿಳೆಯರಲ್ಲಿ ಕೆಲವರಿಗೆ ಕಬ್ಬಿಣದ ಮಾತ್ರೆಯನ್ನು, ಕೆಲವರಿಗೆ ಔಷಧವಿಲ್ಲದ ಹುಸಿಮಾತ್ರೆಯನ್ನು ಕೊಟ್ಟು ನೋಡಿದರು. 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಅದರ ಫಲ ಪ್ರಕಟವಾಯಿತು. ಕಬ್ಬಿಣ ಪಡೆದವರ ಸುಸ್ತು ಹೆಚ್ಚು ತಗ್ಗಿತ್ತು. ಆದರೆ ಆ ಪ್ರಯೋಜನ ಕಂಡದ್ದು ಫೆರಿಟಿನ್ 50 ಅಥವಾ ಅದಕ್ಕಿಂತ ಕಡಿಮೆಯಿದ್ದವರಲ್ಲಿ. ಎಂದರೆ, ಎಲ್ಲ ಸುಸ್ತಿಗೂ ಕಬ್ಬಿಣ ಮದ್ದಲ್ಲ. ಬರಿದಾದ ಕಣಜದ ಸುಸ್ತಿಗೆ ಮಾತ್ರ ಅದು ಮದ್ದು.

ನಮ್ಮ ನಾಡಿನ ಸ್ಥಿತಿಯೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಭಾರತದಲ್ಲಿ ನೂರಕ್ಕೆ 57, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿತ್ತು. ಬೆರಳ ತುದಿಯ ರಕ್ತದಿಂದ ಅಳೆದ ಈ ಅಂಕ ಸ್ವಲ್ಪ ಹೆಚ್ಚಾಗಿ ಕಂಡಿರಬಹುದೆಂದು ವಾದಿಸುವ ತಜ್ಞರಿದ್ದಾರೆ. ಆದರೆ 2016–18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ಮಕ್ಕಳ ತೋಳಿನ ರಕ್ತ ತೆಗೆದು ಫೆರಿಟಿನ್ ಅನ್ನೇ ಅಳೆದರು. ಹದಿಹರೆಯದ ಹುಡುಗರಲ್ಲಿ ನೂರಕ್ಕೆ 12, ಹುಡುಗಿಯರಲ್ಲಿ ನೂರಕ್ಕೆ 31 ಮಂದಿಯ ಕಣಜ ಬರಿದಾಗಿತ್ತು. ನಮ್ಮನ್ನು ಬೆಚ್ಚಿಬೀಳಿಸಿದ ಇನ್ನೊಂದು ಸಂಗತಿಯೆಂದರೆ, ಈ ಕೊರತೆ ಹಳ್ಳಿಗಳಿಗಿಂತ ಪಟ್ಟಣಗಳಲ್ಲಿ ಹೆಚ್ಚಾಗಿತ್ತು. ಇಂದಿರಾನಗರದ ಮಹಡಿ ಮನೆಯವರು “ಇದು ಬಡವರ ಕಾಯಿಲೆ” ಎಂದು ಸುಮ್ಮನಿರುವಂತಿಲ್ಲ.

ಊಟದ ತಟ್ಟೆ, ಚಹದ ಲೋಟ

“ನಾವು ಸೊಪ್ಪು ತಿನ್ನುತ್ತೇವಲ್ಲ, ರಾಗಿ ಮುದ್ದೆ ತಿನ್ನುತ್ತೇವಲ್ಲ” ಎಂದು ತಾವು ಕೇಳಬಹುದು. ತಿನ್ನುವುದು ಬೇರೆ, ಮೈಗೆ ಹತ್ತುವುದು ಬೇರೆ. ಮಾಂಸ, ಮೀನು, ಲಿವರ್‌ಗಳಲ್ಲಿರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಕಾಳು, ಸೊಪ್ಪು, ಧಾನ್ಯಗಳ ಕಬ್ಬಿಣವನ್ನು ಹೀರುವುದು ಕಷ್ಟ. ಅವುಗಳಲ್ಲಿಯೇ ಇರುವ ಕೆಲವು ಪದಾರ್ಥಗಳು ಅದನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ರಾಗಿ, ಹುರುಳಿ, ಹೆಸರುಕಾಳುಗಳನ್ನು ನೆನೆಸಿ ಮೊಳಕೆ ಬರಿಸುವ ನಮ್ಮ ಅಜ್ಜಿಯರ ಪದ್ಧತಿಯಿಂದ ಈ ಹಿಡಿತ ಸಡಿಲವಾಗುತ್ತದೆ.

ಈ ವಿಷಯದಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಒಂದು ಅಮೂಲ್ಯವಾದ ಅಧ್ಯಯನ ನಡೆದಿದೆ. 1963ರಲ್ಲಿ ಆರಂಭವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಸ್ಥೆಯ ಸಂಶೋಧಕರು ವಿದೇಶದ ಸಹೋದ್ಯೋಗಿಗಳೊಡನೆ ಸೇರಿ, ಇಲ್ಲಿಯ ತರುಣಿಯರಿಗೆ ಅನ್ನದ ಊಟ ಬಡಿಸಿ, ಅದರಲ್ಲಿನ ಕಬ್ಬಿಣ ಎಷ್ಟು ಮೈಗೆ ಸೇರಿತೆಂಬುದನ್ನು ಅಳೆದರು. 2008ರಲ್ಲಿ ಪ್ರಕಟವಾದ ಅದರ ಫಲಿತಾಂಶ ಪ್ರತಿ ಮನೆಯ ಅಡುಗೆಮನೆಯಲ್ಲಿ ಬರೆದಿಡತಕ್ಕದ್ದು. ಊಟದೊಡನೆ ಒಂದು ಲೋಟ ಚಹ ಕುಡಿದರೆ ಹೀರಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎರಡು ಲೋಟ ಕುಡಿದರೆ ಮೂರನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ಅದೇ ಊಟಕ್ಕೆ ಸಾಕಷ್ಟು ಸಿ ಜೀವಸತ್ವ ಸೇರಿದರೆ ಹೀರಿಕೆ ಹಲವು ಪಟ್ಟು ಏರುತ್ತದೆ. ಕೊರತೆಯಿದ್ದ ತರುಣಿಯರ ಕರುಳು ಉಳಿದವರಿಗಿಂತ ಹೆಚ್ಚು ಹೀರಿಕೊಂಡರೂ, ಚಹದ ಅಡ್ಡಿ ಅವರಿಗೂ ತಪ್ಪಲಿಲ್ಲ.

ಶಿವಾಜಿನಗರದವರಿಗೆ ಚಹ ಬಿಡಿ ಎಂದು ಹೇಳುವಷ್ಟು ಧೈರ್ಯ ನಮಗಿಲ್ಲ! ನಮ್ಮ ಬಿನ್ನಹ ಇಷ್ಟೇ: ಚಹ ಕಾಫಿಗಳನ್ನು ಊಟದ ಜೊತೆಗೆ ಬೇಡ, ಊಟಕ್ಕೆ ಒಂದು ಗಂಟೆಯಾದರೂ ಆಚೆಗಿರಲಿ. ರಸೆಲ್ ಮಾರುಕಟ್ಟೆಯಲ್ಲೋ ಕೃಷ್ಣರಾಜಪುರದ ಸಂತೆಯಲ್ಲೋ ಒಂದು ಕಟ್ಟು ಸೊಪ್ಪು ಕೊಳ್ಳುವಾಗ ಎರಡು ನಿಂಬೆಹಣ್ಣನ್ನೋ ಒಂದು ಹಿಡಿ ನೆಲ್ಲಿಕಾಯಿಯನ್ನೋ ಜೊತೆಗೆ ಕೊಳ್ಳಿ. ಸೊಪ್ಪು ಬೆಂದ ಮೇಲೆ, ಒಲೆಯಿಂದಿಳಿಸಿ ನಿಂಬೆ ಹಿಂಡಿ. ಅಟ್ಟದ ಮೇಲಿಟ್ಟ ಕಬ್ಬಿಣದ ಬಾಣಲೆಯನ್ನು ಕೆಳಗಿಳಿಸಿ. ಹುಳಿ ಬೆರೆತ ಅಡುಗೆಗೆ ಅದರಿಂದ ಸ್ವಲ್ಪ ಕಬ್ಬಿಣ ಸೇರುತ್ತದೆ. ಮಾಂಸಾಹಾರಿಗಳ ಮನೆಯಲ್ಲಿ ಮಾಂಸದ ತುಂಡು ಯಾರ ತಟ್ಟೆಗೆ ಮೊದಲು ಬೀಳುತ್ತದೆ, ಕೊನೆಗೆ ಊಟಕ್ಕೆ ಕೂತವರಿಗೆ ಏನು ಉಳಿದಿರುತ್ತದೆ ಎಂಬುದನ್ನೂ ಒಮ್ಮೆ ಗಮನಿಸಿ.

ಮಾತ್ರೆಯ ವಿಚಾರ

ಬರಿದಾದ ಕಣಜವನ್ನು ಬರೀ ಊಟದಿಂದ ತುಂಬಿಸುವುದು ಬಹಳ ನಿಧಾನವಾದ ಕೆಲಸ. ಆಗ ಮಾತ್ರೆ ಬೇಕಾಗುತ್ತದೆ. ನಮ್ಮ ದೇಶದಲ್ಲಿ 1970ರಿಂದಲೇ ಗರ್ಭಿಣಿಯರಿಗೂ ಮಕ್ಕಳಿಗೂ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಹಂಚುವ ಯೋಜನೆಯಿದೆ. 2018ರಲ್ಲಿ ಅದು ‘ಅನೀಮಿಯಾ ಮುಕ್ತ ಭಾರತ’ವೆಂಬ ಹೆಸರಿನಲ್ಲಿ ವಿಸ್ತಾರವಾಯಿತು. ಆ ಯೋಜನೆಯ ಪ್ರಕಾರ ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ. ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಕೆಂಪು ಮಾತ್ರೆ. ಒಂದೊಂದರಲ್ಲಿಯೂ 60 ಮಿಲಿಗ್ರಾಂ ಕಬ್ಬಿಣ.

ಮಾತ್ರೆಯ ಪೊಟ್ಟಣಗಳು ಮನೆಮನೆಯ ಕಪಾಟಿನಲ್ಲಿ ಹಾಗೆಯೇ ಉಳಿದಿರುವುದನ್ನು ನಾವು ಕಂಡಿದ್ದೇವೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಗು ಕಪ್ಪಾಗಿ ಹುಟ್ಟುತ್ತದೆಯಂತೆ ಎಂಬ ಮಾತುಗಳು. ಮಲ ಕಪ್ಪಾಗುವುದು ಹೀರಿಕೆಯಾಗದ ಕಬ್ಬಿಣದಿಂದ, ಅದರಿಂದ ಕೇಡಿಲ್ಲ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಯಾವ ಸಂಬಂಧವೂ ಇಲ್ಲ. ಹೊಟ್ಟೆ ತೊಳಸಿದರೆ ವೈದ್ಯರಿಗೆ ಹೇಳಿ. ಪ್ರಮಾಣವನ್ನೋ ವೇಳೆಯನ್ನೋ ಬದಲಿಸಬಹುದು. ಯಕೃತ್ತು ತಯಾರಿಸುವ ಹೆಪ್ಸಿಡಿನ್ ಎಂಬ ದ್ವಾರಪಾಲಕನು ಒಂದು ಮಾತ್ರೆ ನುಂಗಿದೊಡನೆ ಒಂದು ದಿನದ ಮಟ್ಟಿಗೆ ಕರುಳಿನ ಬಾಗಿಲನ್ನು ಅರ್ಧ ಮುಚ್ಚುತ್ತಾನೆ. ಆದ್ದರಿಂದ ದಿನ ಬಿಟ್ಟು ದಿನ ನುಂಗಿದ ಮಾತ್ರೆಯಿಂದ ಹೆಚ್ಚು ಅಂಶ ಹೀರಿಕೆಯಾಗುತ್ತದೆಯೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಆದರೆ ಗರ್ಭಿಣಿಯರು ತಾವಾಗಿಯೇ ಕ್ರಮವನ್ನು ಬದಲಿಸಬಾರದು.

ಎಲ್ಲಕ್ಕಿಂತ ದೊಡ್ಡ ತಪ್ಪು ಅರ್ಧದಾರಿಯಲ್ಲಿ ನಿಲ್ಲಿಸುವುದು. ಒಂದೆರಡು ತಿಂಗಳಲ್ಲಿ ಹಿಮೋಗ್ಲೋಬಿನ್ ಏರುತ್ತದೆ, ಮೈ ಹಗುರವಾಗುತ್ತದೆ, “ಇನ್ನು ಸಾಕು” ಎನ್ನಿಸುತ್ತದೆ. ಆಗ ತುಂಬಿರುವುದು ಗುಡಾಣ ಮಾತ್ರ. ಮೊದಲು ಬರಿದಾಗುವ ಹಗೇವು ಕೊನೆಗೆ ತುಂಬುತ್ತದೆ. ಹಿಮೋಗ್ಲೋಬಿನ್ ಸರಿಹೋದ ಮೇಲೆಯೂ ಸಾಮಾನ್ಯವಾಗಿ ಮೂರು ತಿಂಗಳು ಮಾತ್ರೆ ಮುಂದುವರಿಯಬೇಕು. ಮಾತ್ರೆಗಳು ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿ, ಬೀಗದೊಳಗಿರಲಿ. ಮಿಠಾಯಿಯಂತೆ ಕಾಣುವ ಆ ಮಾತ್ರೆಗಳನ್ನು ಎಳೆಯ ಮಗುವೊಂದು ಹಿಡಿಯಷ್ಟು ನುಂಗಿದರೆ ಪ್ರಾಣಕ್ಕೇ ಅಪಾಯ.

ತುಂಬಿ ತುಳುಕಿದರೆ

ಕಬ್ಬಿಣವನ್ನು ಒಳಗೆ ಬಿಡುವುದಕ್ಕೆ ದೇಹದಲ್ಲಿ ಬಾಗಿಲಿದೆ. ಹೆಚ್ಚಾದದ್ದನ್ನು ಹೊರಗೆ ಹಾಕುವುದಕ್ಕೆ ಬಾಗಿಲಿಲ್ಲ. ಆದ್ದರಿಂದ “ಶಕ್ತಿ ಬರಲಿ” ಎಂದು ಪರೀಕ್ಷೆಯಿಲ್ಲದೆ ವರ್ಷಾನುಗಟ್ಟಲೆ ಟಾನಿಕ್ ಕುಡಿಯುವುದು, ಅದರಲ್ಲಿಯೂ ಗಂಡಸರು ಕುಡಿಯುವುದು, ವಿವೇಕವಲ್ಲ. ಥಲಸ್ಸೀಮಿಯಾ ರೋಗದಿಂದಾಗಿ ಪದೇ ಪದೇ ರಕ್ತ ಪಡೆಯುವ ಮಕ್ಕಳಲ್ಲಿ ಮಿಗಿಲಾದ ಕಬ್ಬಿಣವು ಹೃದಯ, ಯಕೃತ್ತು, ಹಾರ್ಮೋನುಗಳ ಗ್ರಂಥಿಗಳಲ್ಲಿ ಕೂತು ಅವನ್ನು ಕೆಡಿಸುತ್ತದೆ. ಅದನ್ನು ಹೊರತೆಗೆಯಲು ಬೇರೆ ಔಷಧವೇ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯವಂತ ಗಂಡಸರಲ್ಲಿ 200, ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ 150ಕ್ಕೆ ಮೇಲ್ಪಟ್ಟ ಫೆರಿಟಿನ್ ಇದ್ದರೆ ಕಾರಣವನ್ನು ವಿಚಾರಿಸಬೇಕು. ಕೊಬ್ಬು ತುಂಬಿದ ಯಕೃತ್ತು, ಮದ್ಯಪಾನ, ದೀರ್ಘಕಾಲದ ಉರಿಯೂತ ಇವುಗಳಿಂದಲೂ ಅಂಕ ಏರುವುದುಂಟು. ಏರಿದ ಅಂಕವೆಲ್ಲ ಕಬ್ಬಿಣವಲ್ಲ. ಗಾಬರಿ ಬೇಡ, ಉದಾಸೀನವೂ ಬೇಡ.

ಗಂಡಸರಿಗೊಂದು ಮಾತು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಫೆರಿಟಿನ್ ತಗ್ಗಿದ್ದರೆ ಮಾತ್ರೆ ನುಂಗಿ ಸುಮ್ಮನಾಗಬಾರದು. ಎಲ್ಲಿಯೋ ರಕ್ತ ಸೋರುತ್ತಿದೆಯೆಂದು ತಿಳಿದು ಜಠರ ಕರುಳುಗಳ ಪರೀಕ್ಷೆ ಮಾಡಿಸಬೇಕು. ಹುಣ್ಣೋ ಮೂಲವ್ಯಾಧಿಯೋ ಇರಬಹುದು. ಕೆಲವೊಮ್ಮೆ ಕರುಳಿನ ಕ್ಯಾನ್ಸರಿನ ಮೊದಲ ಸುಳಿವೂ ಅದೇ ಆಗಿರುತ್ತದೆ.

ನಮ್ಮ ಯುವಕ ಯುವತಿಯರು ಹಬ್ಬದ ಸಂದರ್ಭದಲ್ಲಿ ರಕ್ತದಾನ ಮಾಡುತ್ತಿರುವುದು ಸಂತೋಷದ ಸಂಗತಿ. 350 ಮಿಲಿಲೀಟರ್ ರಕ್ತದೊಡನೆ ಸುಮಾರು 150ರಿಂದ 170 ಮಿಲಿಗ್ರಾಂ ಕಬ್ಬಿಣವೂ ದಾನವಾಗುತ್ತದೆ. ಗಂಡಸರ 1000ದಲ್ಲಿ ಅದು ಅಲ್ಪ. ಹೆಂಗಸರ 300ರಲ್ಲಿ ಅದು ಅರ್ಧ. ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಟ್ಟೇ ಮತ್ತೆ ಕೊಡಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ದಾನ ನಿಲ್ಲದಿರಲಿ, ದಾನಿಯ ಕಣಜವೂ ತುಂಬಲಿ.

ಕೊನೆಯದಾಗಿ

ಆ ಸಹೋದರಿಯ ಕಥೆಯನ್ನು ಮುಗಿಸಬೇಕಾಗಿದೆ. ಸ್ರಾವಕ್ಕೆ ಕಾರಣವಾಗಿದ್ದ ಗರ್ಭಕೋಶದ ಗಡ್ಡೆಗೆ ಚಿಕಿತ್ಸೆಯಾಯಿತು. ಆರು ತಿಂಗಳು ಮಾತ್ರೆ ತಪ್ಪಿಸಲಿಲ್ಲ. ಮಾತ್ರೆಯನ್ನು ದಿನವೂ ನೆನಪಿಸುತ್ತಿದ್ದವರು, ಆಶ್ಚರ್ಯವೆಂದರೆ, ಹಿಂದೆ ಮೈಗಳ್ಳಿ ಎಂದು ಕರೆದಿದ್ದ ಅತ್ತೆಯವರೇ. ಕೊನೆಯ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12.8, ಫೆರಿಟಿನ್ 46. ಮೊದಲ ಭೇಟಿಯ 12.2ಕ್ಕೂ ಈ 12.8ಕ್ಕೂ ಕಾಗದದ ಮೇಲೆ ಅಂಥ ವ್ಯತ್ಯಾಸವೇನೂ ಇಲ್ಲ. ಆದರೆ ಆಕೆ ಮೆಟ್ಟಿಲು ಹತ್ತಿ ಬಂದದ್ದನ್ನು ನೋಡಿದ ನಮಗೆ ವ್ಯತ್ಯಾಸ ಗೊತ್ತಾಯಿತು.

ಸಹೋದರ ಸಹೋದರಿಯರೇ, ಇಂದು ಮನೆಗೆ ಹೋದ ಮೇಲೆ ತಾವು ಒಂದು ಕೆಲಸ ಮಾಡಬೇಕೆಂದು ನಮ್ಮ ಅರಿಕೆ. ತಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರೆಂದು ನೋಡಿ. ಅವರು “ಸುಸ್ತು” ಎಂದಾಗ “ಎಲ್ಲರಿಗೂ ಇರುತ್ತದೆ” ಎನ್ನದೆ, ಸಮೀಪದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೌರಿಂಗ್ ಆಸ್ಪತ್ರೆ ಇದೆ, ಘೋಷಾ ಆಸ್ಪತ್ರೆ ಇದೆ, ಇಂದಿರಾನಗರದಲ್ಲಿ ಸರ್ ಸಿ. ವಿ. ರಾಮನ್ ಆಸ್ಪತ್ರೆ ಇದೆ. ಹಿಮೋಗ್ಲೋಬಿನ್ ಸರಿಯಿದ್ದೂ ಸುಸ್ತು ಬಿಡದಿದ್ದರೆ, “ಫೆರಿಟಿನ್ ನೋಡಬಹುದೇ?” ಎಂದು ವಿನಯದಿಂದ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ. ಅಂದು ನಮ್ಮನ್ನು ಯಾರಾದರೂ ಹಾಗೆ ಕೇಳಿದ್ದರೆ ಒಬ್ಬ ತಾಯಿಯ ಎಂಟು ತಿಂಗಳು ಉಳಿಯುತ್ತಿತ್ತು.

ನೂರು ವರ್ಷಗಳಿಂದ ಈ ಅಂಗಳವನ್ನು ಗುಡಿಸಿ, ಹೂ ಕಟ್ಟಿ, ಹಬ್ಬದ ಅಡುಗೆ ಬೇಯಿಸಿ, ಈ ಸಂಸ್ಥೆಯನ್ನು ನಡೆಸಿಕೊಂಡು ಬಂದವರಲ್ಲಿ ಹೆಚ್ಚಿನವರು ತಾಯಂದಿರು. ಅವರಲ್ಲಿ ಎಷ್ಟು ಮಂದಿ ಬರಿದಾದ ಕಣಜವನ್ನು ಹೊತ್ತುಕೊಂಡೇ ಈ ಕೆಲಸಗಳನ್ನೆಲ್ಲ ಮಾಡಿದರೋ ಲೆಕ್ಕವಿಟ್ಟವರಿಲ್ಲ. ಮುಂದಿನ ನೂರು ವರ್ಷಗಳ ತಾಯಂದಿರಿಗೆ ಹಾಗಾಗದಿರಲಿ ಎಂದು ಹಾರೈಸಿ, ನಮ್ಮ ಮಾತನ್ನು ಮುಗಿಸುತ್ತೇವೆ.